ಗೋಡೆ ಕೊರೆಯುವ ಮುನ್ನ

ನನಗೆ ಗೋಡೆಗಳ ಮೇಲೆ ನಂಬಿಕೆ ಕಡಿಮೆ. ನಾನೊಬ್ಬನೇ ಅಲ್ಲ, ನಮ್ಮ ಕಾಸಾರಶಿರಸಿ ಕಡೆಯವರು ಹೊಸ ಮನೆ ನೋಡಲು ಹೋದರೆ ಮೊದಲು ಗೋಡೆಗೆ ಕೈಯಿಟ್ಟು ನೋಡುತ್ತಾರೆ, ಬಣ್ಣ ಆಮೇಲೆ. ತೊಂಬತ್ಮೂರರ ಭೂಕಂಪಕ್ಕೆ ಮುಂಚಿನ ನಮ್ಮ ಗೋಡೆಗಳು ಕಲ್ಲು ಮಣ್ಣಿನವು, ಒಬ್ಬ ಮನುಷ್ಯ ಅಡ್ಡ ಮಲಗುವಷ್ಟು ದಪ್ಪ. ಬೇಸಿಗೆಯಲ್ಲಿ ತಂಪು ಎಂದು ಹಿಗ್ಗುತ್ತಿದ್ದೆವು. ಅವೇ ನಮ್ಮವರ ಮೇಲೆ ಬಿದ್ದವು.

ಆಮೇಲೆ ಇಟ್ಟಿಗೆ ಮನೆ ಬಂತು. ಅದರ ಜೊತೆ ನಮ್ಮ ಓಣಿಗೆ ಒಂದು ಪದ್ಧತಿಯೂ ಬಂತು. ಗೋಡೆಗೆ ಮೊಳೆ ಹೊಡೆಯುವುದಿದ್ದರೂ ಮೊದಲು ಕೂಗಿ ಹೇಳಬೇಕು: "ಗ್ವಾಡಿ ಬಡೀಲಿಕತ್ತೀವ್ರೀ, ಅಂಜಬ್ಯಾಡ್ರಿ!" ಮನೆಯವರು, ಪಕ್ಕದವರು "ಹೂಂ" ಎಂದ ಮೇಲೆಯೇ ಸುತ್ತಿಗೆ ಎತ್ತುವುದು. ಕ್ಯಾಲೆಂಡರ್ ತೂಗುಹಾಕಲಿಕ್ಕೂ ಓಣಿಯ ಒಪ್ಪಿಗೆ ಬೇಕು.

ಕಳೆದ ತಿಂಗಳು ಮನೆಗೆ ಇಂಟರ್‌ನೆಟ್ ವೈರು ಎಳೆಸಿದೆ. ವೈಫೈ ಎಂಬುದು ಅಡುಗೆಮನೆ ದಾಟಲು ಒಪ್ಪುತ್ತಿರಲಿಲ್ಲ. ನಿಲಂಗಾದಿಂದ ಬಂದ ವೈರಿನವನು, "ಎಷ್ಟ್ ಪಾಯಿಂಟ್ ಬೇಕ್ರೀ ಕಾಕಾ?" ಎಂದ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನಿಗೆ ಪಾಯಿಂಟ್ ಎಂದರೇನು ಗೊತ್ತು? ಬೀಗರಿಗೆ ಚಹಾ ಹೇಳುವವನಂತೆ, "ಖೋಲಿಗೊಂದ್ ಇರ್ಲಿ" ಎಂದುಬಿಟ್ಟೆ. ಒಂದೊಂದು ಕೋಣೆಯಲ್ಲೂ ವೈರಿನ ಪೆಟ್ಟಿಗೆ ಕೂರಿಸುವ ಜಾಗಕ್ಕೆ ಅವನು ಪೆನ್ಸಿಲಿನಿಂದ ಗುರುತು ಹಾಕಿದ. ಯಜಮಾನನ ಗತ್ತಿನಲ್ಲಿ ನಾನು ಕೂಗಿ ಹೇಳುವುದನ್ನೇ ಮರೆತೆ.

ಡ್ರಿಲ್ ಶುರುವಾಯಿತು. ಗೋಡೆ ಗುಡುಗಿತು, ಹಲಗೆಯ ಮೇಲಿನ ಪಾತ್ರೆಗಳು ನಡುಗಿದವು. ನನ್ನ ಅಕ್ಕ ಅಂಗಳದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಗಂಡ ತೀರಿದ ಮೇಲೆ ನಮ್ಮಲ್ಲೇ ಇದ್ದಾಳೆ. ಅಂಗಳದಲ್ಲಿದ್ದವಳು ಅಲ್ಲೇ ಕೂತಿದ್ದರೆ ಅವಳ ಜೀವಕ್ಕೇನೂ ಭಯವಿರಲಿಲ್ಲ. ಆದರೆ ಅವಳು ಒಳಗೆ ಓಡಿ ಬಂದಳು. ಕೈಯಲ್ಲಿದ್ದ ಮೊರದಿಂದ ಬೇಳೆ ದಾರಿಯುದ್ದಕ್ಕೂ ಚೆಲ್ಲಿತು. ನನ್ನ ರಟ್ಟೆ ಹಿಡಿದು, "ಏಳು ತಮ್ಮಾ, ಹೊರಗ ನಡಿ!" ಎಂದು ಎಳೆದಳು. ನಿಂತಿದ್ದವನಿಗೆ ಏಳು ಎನ್ನುತ್ತಿದ್ದಳು. ಭೂಕಂಪದ ದಿನ ನಿದ್ದೆಯಲ್ಲಿದ್ದ ನನ್ನನ್ನು ಹೀಗೆಯೇ ಎಳೆದು ತಂದಿದ್ದಳು. ಆಗ ನಾನು ಸಣ್ಣ ಹುಡುಗ. ಈಗ ಹೊಟ್ಟೆ ಬಂದ ಗಂಡಸು, ಅಲುಗಲಿಲ್ಲ.

"ಮಾವಶಿ, ಭೂಕಂಪ ಅಲ್ರೀ, ಮಶೀನ್ ಅದ!" ಎಂದು ವೈರಿನವನು ನಕ್ಕ. ನಾನೂ ನಕ್ಕೆ. ಅವನು ಗೊತ್ತಿಲ್ಲದೆ ನಕ್ಕ, ನಾನು ಎಲ್ಲ ಗೊತ್ತಿದ್ದೂ ನಕ್ಕೆ. ಅಕ್ಕ ರಟ್ಟೆ ಬಿಟ್ಟಳು. ಬಗ್ಗಿ, ಚೆಲ್ಲಿದ ಬೇಳೆ ಆರಿಸಿಕೊಳ್ಳುತ್ತ ಅಂಗಳಕ್ಕೆ ಹೋದಳು. ನಾನು ಒಂದು ಕಾಳನ್ನೂ ಎತ್ತಿಕೊಡಲಿಲ್ಲ.

ಅಂದಿನಿಂದ ಅಕ್ಕನದು ಬೇಕಾದಷ್ಟೇ ಮಾತು. ಗೋಡೆಯ ಮೇಲಿನ ಆ ಬಿಳಿ ಪೆಟ್ಟಿಗೆ ನೋಡಿದಾಗೆಲ್ಲ ನನಗೆ ಒಂದೇ ಚಿಂತೆ: ಮತ್ತೆ ನೆಲ ನಡುಗಿದರೆ ಇವಳು ಬರುತ್ತಾಳೋ ಇಲ್ಲವೋ. ನನ್ನ ಸ್ವಾರ್ಥ ನೋಡಿ, ತಪ್ಪಿಗೆ ಮರುಗುವಾಗಲೂ ನನ್ನ ಜೀವದ್ದೇ ಕಾಳಜಿ! ತಪ್ಪಾಯಿತು ಎನ್ನಲು ಹೋದವನು ನಿನ್ನೆ ಅದನ್ನೇ ಕೇಳಿದೆ.

"ಅಕ್ಕಾ, ಮತ್ತ ಭೂಮಿ ನಡುಗಿದ್ರ ನನ್ನ ಕರೀಲಿಕ್ಕ ಬರ್ತೀ?"

ಅವಳು ತಲೆ ಎತ್ತಲಿಲ್ಲ.

"ಬರ್ದೇ ಏನ್ ಮಾಡ್ಲಿ? ನಗೂದಿದ್ರ ನಗಪ್ಪಾ. ಆದ್ರ ಮೊದಲ ಹೊರಗ ಬಾ."