ಕಾರ್ ರೇಸಿನ ಜೀರ್ಣೋದ್ಧಾರ

ಕಾರ್ಕಳದ ಕಾಲೇಜಿನಲ್ಲಿ ನನ್ನಿಂದ ಲೆಕ್ಕಶಾಸ್ತ್ರ ಕಲಿಯುವ ಮಕ್ಕಳಿಗೆ ಗೊತ್ತಿಲ್ಲದ ಸಂಗತಿಯೊಂದನ್ನು ನಿಮಗೆ ಮಾತ್ರ ಹೇಳುತ್ತೇನೆ. ಶುಕ್ರವಾರ ಸಂಜೆ ಕಾಪುವಿನ ನಮ್ಮ ಮನೆಯಲ್ಲಿ, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಟೀವಿಯ ಮುಂದೆ ಕೂತು ನಾನು ಕಾರ್ ರೇಸ್ ಆಡುತ್ತೇನೆ. ಮೇಜಿಗೆ ಸಿಕ್ಕಿಸಿದ ಸ್ಟೇರಿಂಗ್ ಇದೆ, ಕಾಲಿನ ಬಳಿ ಪೆಡಲ್ ಇದೆ. ನಿಜವಾದ ಕಾರನ್ನು ರಿವರ್ಸ್ ತೆಗೆಯಲು ಈಗಲೂ ಪಕ್ಕದ ಮನೆಯವರನ್ನು ಕರೆಯುತ್ತೇನೆ, ಅದು ಬೇರೆ ವಿಷಯ.

ಎದುರಾಳಿ ಕುವೈತಿನಲ್ಲಿರುವ ನನ್ನ ತಮ್ಮ ದಿನೇಶ. ಫೋನಿನಲ್ಲಿ ಮಾತಿಗೆ ಅವನಷ್ಟು ಜಿಪುಣ ಇನ್ನೊಬ್ಬನಿಲ್ಲ. "ಎಂತ ಅಕ್ಕ, ಊಟ ಆಯ್ತಾ? ಅಮ್ಮ ಹುಷಾರುಂಟಾ? ಸರಿ, ಇಡ್ತೇನೆ." ಪಕ್ಕದಲ್ಲಿದ್ದ ಅಮ್ಮ ಕೈ ಚಾಚುವಷ್ಟರಲ್ಲಿ ಲೈನ್ ಕಟ್. ಆದರೆ ಕಿವಿಗೆ ಹೆಡ್‌ಫೋನ್ ಏರಿಸಿ ರೇಸಿಗೆ ಕೂತನೆಂದರೆ ಬಾಯಿ ತೆರೆಯುತ್ತದೆ. ಮದುವೆಯಾಗುತ್ತೇನೆ ಎಂದದ್ದೂ, ಆಮೇಲೆ ಆಗುವುದಿಲ್ಲ ಎಂದದ್ದೂ ರೇಸಿನ ನಡುವೆಯೇ. ಕಣ್ಣು ರಸ್ತೆಯ ಮೇಲಿದ್ದರೆ ನಮ್ಮ ಗಂಡಸರಿಗೆ ನಾಲಗೆ ಸಡಿಲವಾಗುತ್ತದೋ ಏನೋ. ಎದುರು ಕೂತು ಮಾತಾಡು ಎಂದರೆ ಕೋರ್ಟಿನಲ್ಲಿ ನಿಂತವರ ಹಾಗೆ ಬೆವರುತ್ತಾರೆ.

ಹೀಗಿರುವಾಗ ಕಂಪೆನಿಯವರು ಆಟವನ್ನು ‘ರೀಬೂಟ್’ ಮಾಡುವುದಾಗಿ ಸಾರಿದರು. ನಮ್ಮ ಬಾಲ್ಯದಿಂದ ಭಾಗದ ಮೇಲೆ ಭಾಗ ಬಂದ ಸರಣಿ ಅದು. ಹಳೆಯದೆಲ್ಲ ಬಂದ್, ಹೊಸ ಊರು, ಹೊಸ ರಸ್ತೆ, ಎಲ್ಲರೂ ಸೊನ್ನೆಯಿಂದ ಶುರು. ನಮ್ಮ ಜಿಲ್ಲೆಯವರಿಗೆ ಇದೇನು ಹೊಸತಲ್ಲ, ನಾವಿದನ್ನು ಜೀರ್ಣೋದ್ಧಾರ ಎನ್ನುತ್ತೇವೆ. ಗಟ್ಟಿಮುಟ್ಟಾದ ಗುಡಿಯನ್ನು ಕೆಡವಿ, ಗ್ರಾನೈಟ್ ಹಾಸಿ, ಬ್ರಹ್ಮಕಲಶ ಮುಗಿಸಿ, ದೇವರು ಅದೇ, ಕಳೆ ಮಾತ್ರ ಹೊಸತು ಎಂದು ಊಟಕ್ಕೆ ಕೂರುತ್ತೇವೆ. ಆದರೆ ನಮ್ಮಲ್ಲಿ ಕೆಡವುವ ಮೊದಲು ಜೋಯಿಸರನ್ನು ಕರೆಸಿ, ಪ್ರಶ್ನೆ ಇಟ್ಟು, ದೇವರ ಒಪ್ಪಿಗೆಯನ್ನಾದರೂ ಕೇಳುತ್ತಾರೆ. ಕೆಲಸ ಮುಗಿಯುವವರೆಗೆ ದೇವರು ಇರಲಿಕ್ಕೆ ಒಂದು ಚಿಕ್ಕ ಬಾಲಾಲಯವನ್ನೂ ಕಟ್ಟಿಕೊಡುತ್ತಾರೆ. ಕಂಪೆನಿಯವರು ನನ್ನನ್ನು ಒಂದು ಮಾತು ಕೇಳಲಿಲ್ಲ.

ಹಳೆಯ ಆಟದಲ್ಲಿ ಯಾವುದೋ ಹಿಮದೇಶದ ತಿರುವಿಗೆ ನಾವು ನಮ್ಮೂರ ದಾರಿಯ ಬೆಳ್ಮಣ್ ಎಂದು ಹೆಸರಿಟ್ಟಿದ್ದೆವು. ಶಾಲೆಯ ದಿನಗಳಲ್ಲಿ ಎಕ್ಸ್‌ಪ್ರೆಸ್ ಬಸ್ಸು ನಮ್ಮನ್ನು ಒಬ್ಬರ ಮೇಲೊಬ್ಬರನ್ನು ಕೆಡವುತ್ತಿದ್ದದ್ದು ಅಲ್ಲಿಯೇ. ಎಲ್ಲ ಕಾರುಗಳೂ ಬಂದು ಗುದ್ದಿಕೊಳ್ಳುವ ಸರ್ಕಲ್ಲಿಗೆ ನಮ್ಮ ಆದಿ ಉಡುಪಿ ಜಂಕ್ಷನ್ನಿನ ಹೆಸರು. "ಅಕ್ಕ, ಬೆಳ್ಮಣ್ ಬಂತು, ಹಿಡ್ಕೊ" ಎಂದ ಮೇಲೆಯೇ ದಿನೇಶನ ಸುದ್ದಿಗಳು ಹೊರಬೀಳುತ್ತಿದ್ದದ್ದು. ಗುರುತಿಲ್ಲದ ರಸ್ತೆಯಲ್ಲಿ ಅವನು ಬಾಯಿ ಬಿಡದಿದ್ದರೆ ಏನು ಮಾಡುವುದು ಎಂಬುದೇ ನನ್ನ ಹೆದರಿಕೆಯಾಗಿತ್ತು.

ಹೊಸ ಆಟ ಬಂತು, ಅದಕ್ಕೆ ಸರಿಹೊಂದುವ ಹೊಸ ಸ್ಟೇರಿಂಗೂ ಪೆಡಲೂ ಬಂದವು. "ಹೊಸ ಗಾಡಿ ಅಲ್ವಾ, ಪೂಜೆ ಮಾಡದೆ ಬಿಡ್ಬೇಡ" ಎಂದರು ಅಮ್ಮ. ಸ್ಟೇರಿಂಗಿಗೆ ಶಂಕರಪುರದ ಮಲ್ಲಿಗೆ ಸುತ್ತಿ ಆರತಿ ಎತ್ತಿದರು. ಇನ್ನು ಚಕ್ರದಡಿ ನಿಂಬೆಹಣ್ಣು ಇಡಬೇಕು, ಚಕ್ರವೇ ಇಲ್ಲ. ಅಮ್ಮ ಸ್ವಲ್ಪ ಯೋಚಿಸಿ ಅದನ್ನು ಪೆಡಲಿನ ಅಡಿಗೆ ಇಟ್ಟರು. ಇಷ್ಟೆಲ್ಲ ಓದಿದ ನಾನು ಕೈಮುಗಿದು ತುಳಿದೆ. ಶಾಸ್ತ್ರ ಸಾಂಗವಾಯಿತು, ರಸವೆಲ್ಲ ಪೆಡಲಿನ ಹೊಟ್ಟೆಗೆ ಹೋಯಿತು. ಆಮೇಲೆ ಎಷ್ಟು ಒತ್ತಿದರೂ ಕಾರು ಕಂಬಳ ಮುಗಿಸಿದ ಕೋಣದ ಹಾಗೆ ನಡೆಯಿತೇ ಹೊರತು ಓಡಲಿಲ್ಲ.

ಆ ಶುಕ್ರವಾರ ಜಗತ್ತಿನ ಕಾರುಗಳೆಲ್ಲ ನನ್ನನ್ನು ದಾಟಿ ಹೋದವು. ದಿನೇಶನೂ ಹೋದ. ಹೋದವನು ತಿರುಗಿ ಬಂದ. ತೆರೆಯ ಮೇಲೆ ‘ತಪ್ಪು ದಾರಿ’ ಎಂಬ ಕೆಂಪು ಎಚ್ಚರಿಕೆ ಅವನಿಗೂ ಬಂದಿರಬೇಕು, ಲೆಕ್ಕಿಸಲಿಲ್ಲ.

"ಎಂತ ಆಯ್ತು ಅಕ್ಕ?"

ನಿಂಬೆಹಣ್ಣಿನ ಕಥೆ ಹೇಳಿದೆ. ನಕ್ಕು ನಕ್ಕು ಸುಸ್ತಾದ. ನನ್ನ ಪಕ್ಕದಲ್ಲೇ ನಿಧಾನವಾಗಿ ಬರತೊಡಗಿದ. ನಗು ನಿಂತ ಮೇಲೆ ಹೇಳಿದ, "ಅಕ್ಕ, ನನ್ನ ಕೆಲಸ ಹೋಗಿದೆ. ತಿಂಗಳ ಮೇಲಾಯ್ತು. ಅಮ್ಮನಿಗೆ ಹೇಳ್ಬೇಡ."

ಸೊನ್ನೆಯಿಂದ ಶುರು ಎಂಬುದನ್ನು ಜಾಹೀರಾತಿನಲ್ಲಿ ಅಷ್ಟು ಬಣ್ಣ ಹಚ್ಚಿ ತೋರಿಸಿದ್ದರು. ನಡುವಯಸ್ಸಿನ ತಮ್ಮನ ಬಾಯಲ್ಲಿ ಅದಕ್ಕೆ ಬಣ್ಣವೇ ಇರಲಿಲ್ಲ.

"ಊರಿಗೆ ಬಾ" ಎಂದೆ, ಅಡುಗೆಮನೆಯಲ್ಲಿದ್ದ ಅಮ್ಮನಿಗೆ ಕೇಳದಂತೆ.

"ಬಂದು ಎಂತ ಮಾಡುದು?"

"ಅದನ್ನು ಬಂದ ಮೇಲೆ ನೋಡುವ."

ಅವನು ಹೂಂ ಎನ್ನಲಿಲ್ಲ, ಆದರೆ ಲೈನೂ ಕಟ್ ಮಾಡಲಿಲ್ಲ. ಎಲ್ಲೆಲ್ಲಿ ಕೆಲಸ ಕೇಳಿದ, ಯಾರು ಏನೆಂದರು, ನಿದ್ದೆ ಬಾರದೆ ಹೇಗೆ ಹೊರಳಾಡುತ್ತಾನೆ, ಎಲ್ಲವನ್ನೂ ಹೇಳಿದ. ಆ ಹೊಸ ಊರಿನ ರಸ್ತೆ ಹೇಗಿತ್ತೆಂದು ನೀವು ಕೇಳಿದರೆ ನನಗೆ ನೆನಪಿಲ್ಲ.

ವಾರದೊಳಗೆ ಮಣಿಪಾಲದ ರಿಪೇರಿ ಅಂಗಡಿಯವನು ಪೆಡಲ್ ಬಿಚ್ಚಿ, ಒರೆಸಿ, ಸರಿಮಾಡಿಕೊಟ್ಟ. ಈಗ ಹೆಬ್ಬೆರಳು ತಾಗಿದರೆ ಸಾಕು, ಹಾರುತ್ತದೆ. ಮುಂದಿನ ಶುಕ್ರವಾರ ದಿನೇಶ ಮೊದಲು ಕೇಳಿದ್ದೇ ಅದನ್ನು.

"ಪೆಡಲ್ ಸರಿಯಾಯ್ತಾ ಅಕ್ಕ?"

"ಎಲ್ಲಿಯದು ಮಾರಾಯ, ರಿಪೇರಿಯವನಿಗೆ ಪುರುಸೊತ್ತೇ ಇಲ್ಲ" ಎಂದು ಕಾಲನ್ನು ಹಗುರವಾಗಿ ಇಟ್ಟೆ.

ಅವನ ಕಾರೂ ನಿಧಾನವಾಗಿ ನನ್ನ ಪಕ್ಕಕ್ಕೆ ಬಂತು. ಆಮೇಲೆ ಹೇಳಿದ, "ನಂದೂ ಯಾಕೋ ಇವತ್ತು ಓಡುದಿಲ್ಲ ಅಕ್ಕ."