ಮಿಡಿಯುವ ಪಟ್ಟಿಯೂ ಅತ್ತೆಯ ನಿದ್ದೆಯೂ

ವಿಶ್ರಾಂತಿ ತೆಗೆದುಕೊಳ್ಳುವಷ್ಟು ದಣಿವಿನ ಕೆಲಸ ಇನ್ನೊಂದಿಲ್ಲ ಎಂದು ನನಗೆ ಗೊತ್ತಾದದ್ದು, ಡಾಕ್ಟರು ಅದನ್ನು ಚೀಟಿಯಲ್ಲಿ ಬರೆದುಕೊಟ್ಟ ಮೇಲೆ. ರಕ್ತದೊತ್ತಡ ತುಸು ಏರಿದೆ, ಶಾಲೆಯಿಂದ ಬಂದಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಮಲಗಿ, ಎಂದರು. ನಾವಿರುವ ಬೋಗಾದಿ ಬಡಾವಣೆಯಲ್ಲಿ ಸುಮ್ಮನೆ ಮಲಗುವುದೆಂದರೇನೆಂದು ಅವರಿಗೇನು ಗೊತ್ತು! ನಮ್ಮ ಎಡಕ್ಕೊಂದು ಮನೆ ಏಳುತ್ತಿದೆ, ಬಲಕ್ಕೊಂದು. ಅಲ್ಲಿ ಟೈಲ್ಸ್ ಕೊಯ್ಯುವುದು ನಿಂತರೆ ಇಲ್ಲಿ ಗೋಡೆ ಕೊರೆಯುತ್ತಾರೆ.

ಯಜಮಾನರು ಮಣಿಕಟ್ಟಿಗೆ ಕಟ್ಟಿಕೊಳ್ಳುವ ಪಟ್ಟಿಯೊಂದನ್ನು ತಂದರು. "ಇದು ನಿಧಾನವಾಗಿ ಮಿಡಿಯುತ್ತೆ ಕಣೇ. ನಿನ್ನ ಎದೆನೂ ಇದನ್ನ ನೋಡಿ ನಿಧಾನ ಆಗೋದು ಕಲಿಯುತ್ತೆ," ಎಂದರು. ಪಾಠ ಕೇಳದ ವಿದ್ಯಾರ್ಥಿಗಳನ್ನು ಬೇಕಾದಷ್ಟು ಕಂಡವಳು ನಾನು. ನನ್ನ ಎದೆಯೂ ಆ ಪೈಕಿಯದೇ. ಪಟ್ಟಿ ಮಿಡಿದಾಗಲೆಲ್ಲ ಫೋನ್ ಬಂತೆಂದು ಎದ್ದು ಕೂರುತ್ತಿದ್ದೆ. ಮೈ ಸಡಿಲಾಗಿ ರೆಪ್ಪೆ ಕೂಡುವ ಹೊತ್ತಿಗೆ ಸರಿಯಾಗಿ, ನೀವು ಉದ್ವಿಗ್ನರಾಗಿದ್ದೀರಿ ಎಂದು ಪಟ್ಟಿಯಿಂದ ಫೋನಿಗೆ ಸೂಚನೆ ಬರುತ್ತಿತ್ತು. ಆಮೇಲೆ ನಿಜವಾಗಿಯೂ ಆಗುತ್ತಿದ್ದೆ. ಪಕ್ಕದಲ್ಲಿ ಯಜಮಾನರು ಏನನ್ನೂ ಕಟ್ಟಿಕೊಳ್ಳದೆ ಗೊರಕೆ ಹೊಡೆಯುತ್ತಿದ್ದರು.

ಅಷ್ಟರಲ್ಲಿ ಹಿನಕಲ್‌ನಲ್ಲಿರುವ ನಮ್ಮತ್ತೆಗೆ ಕಣ್ಣಿನ ಪೊರೆಯ ಆಪರೇಷನ್ ಎಂದಾಯಿತು. ಅತ್ತೆ ಅಂಜುವ ಹೆಂಗಸಲ್ಲ. ನನ್ನೆದುರಂತೂ ಎಂದೂ ಅಂಜಿದವರಲ್ಲ. ಮದುವೆಯಾದಾಗಿನಿಂದ ನಮ್ಮಿಬ್ಬರಲ್ಲಿ ಜಗಳವೂ ಇಲ್ಲ, ಸಲಿಗೆಯೂ ಇಲ್ಲ. ಮರ್ಯಾದಸ್ಥ ನೆರೆರಾಜ್ಯಗಳ ಹಾಗೆ ಗಡಿ ದಾಟದೆ ಇದ್ದೆವು. ಆಪರೇಷನ್ ದಿನ ಯಜಮಾನರು ಔಷಧಿ ತರಲು ಹೋದಾಗ ಆಸ್ಪತ್ರೆಯ ಬೆಂಚಿನ ಮೇಲೆ ಉಳಿದವರು ನಾವಿಬ್ಬರೇ. ಅತ್ತೆಯ ಬೆರಳಲ್ಲಿ ಸೆರಗಿನ ಚುಂಗು ಸುತ್ತಿ ಸುತ್ತಿ ಹಗ್ಗವಾಗಿತ್ತು. ಅದನ್ನು ನೋಡಿ ನನ್ನ ಪಟ್ಟಿ ಬಿಚ್ಚಿ ಅವರ ಕೈಗೆ ಕಟ್ಟಿದೆ.

"ಇದು ಮನಸ್ಸಿಗೆ ಸಮಾಧಾನ ಕೊಡುತ್ತೆ ಅತ್ತೆ."

ಪಟ್ಟಿ ಮಿಡಿಯಿತು. ಅತ್ತೆ ಬೆಚ್ಚಿಬಿದ್ದರು. "ಅಯ್ಯೋ, ಜಿರಳೆ ಹರ್ದಂಗಾಯ್ತದೆ ಕಣವ್ವ, ಬಿಚ್ಬುಡು!"

ಬಿಚ್ಚಿದೆ. ಬಿಚ್ಚಿದ ನನ್ನ ಕೈಯನ್ನು ಮಾತ್ರ ಅವರು ಬಿಡಲಿಲ್ಲ.

"ನಂಗೆ ಯಾಕೋ ಎದ್ರಿಕೆ ಕಣವ್ವ," ಎಂದರು, ಎದುರಿನ ಗೋಡೆಯನ್ನೇ ನೋಡುತ್ತಾ. "ನಿನ್ ಗಂಡಂಗೆ ಏಳ್ಬ್ಯಾಡ."

"ಹೇಳಲ್ಲ ಅತ್ತೆ."

ಒಳಗೆ ಕರೆಯುವವರೆಗೂ ಹಾಗೇ ಕೂತಿದ್ದೆವು. ಒರಟು, ಬೆಚ್ಚಗಿನ ಕೈ. ಇಷ್ಟು ವರ್ಷ ಅದರಿಂದ ಊಟ ಬಡಿಸಿಕೊಂಡಿದ್ದೆ, ಹಿಡಿದಿರಲಿಲ್ಲ.

ಆಪರೇಷನ್ ಸಲೀಸಾಗಿ ಮುಗಿಯಿತು. ಅವರನ್ನು ನಮ್ಮ ಮನೆಗೇ ಕರೆತಂದೆವು. ಕಪ್ಪು ಕನ್ನಡಕದಲ್ಲಿ ಮಲಗಿದ ಅತ್ತೆ ತಡವರಿಸಿ ಮತ್ತೆ ನನ್ನ ಕೈ ಹುಡುಕಿಕೊಂಡರು, ಮರುಗಳಿಗೆಗೇ ನಿದ್ದೆ. ನನ್ನ ಕಾಲು ಜೋಮು ಹಿಡಿಯಿತು, ಸೊಂಟ ನೋಯತೊಡಗಿತು, ಅಡುಗೆಮನೆಯಿಂದ ಹಾಲು ಉಕ್ಕಿದ ವಾಸನೆ ಬಂತು. ಕೈ ಬಿಡಿಸಿಕೊಳ್ಳಲು ನೋಡಿದರೆ ಹಿಡಿತ ಬಿಗಿಯಾಯಿತು.

ಯಜಮಾನರು ಬಾಗಿಲಲ್ಲಿ ಇಣುಕಿ, "ಅಂತೂ ರೆಸ್ಟ್ ತಗೊಳ್ಳೋದು ಕಲಿತೆ!" ಎಂದು ಮೆಚ್ಚಿಕೊಂಡರು.

ಇನ್ನೊಬ್ಬರಿಗೆ ವಿಶ್ರಾಂತಿ ಕೊಡುವ ಸಾಧನಕ್ಕೆ ತನ್ನದೆಂಬ ವಿಶ್ರಾಂತಿ ಇರುವುದಿಲ್ಲ ಎಂಬುದನ್ನು ಅವರಿಗೆ ಯಾವಾಗಲಾದರೂ ವಿವರಿಸಬಹುದು. ಸದ್ಯಕ್ಕೆ ಪಿಸುಗುಟ್ಟಿದೆ:

"ಮೊದ್ಲು ಹೋಗಿ ಸ್ಟವ್ ಆಫ್ ಮಾಡ್ರೀ."