ಗಾಲ್ವೇಯಲ್ಲಿ ಸೀನಾ ಕೇಳಿದ ಪ್ರಶ್ನೆ

ಡಬ್ಲಿನ್ನಿನ ಅಂಚಿನ ಲೂಕನ್‌ನಲ್ಲಿ ಬೆಳಿಗ್ಗೆ ಬಸ್ಸಿಗೆಂದು ಹೊರಟಾಗ ಮಳೆ ಸಣ್ಣಗೆ ಹನಿಯುತ್ತಿತ್ತು. ಹುಬ್ಬಳ್ಳಿಯಿಂದ ಕಾನೂನು ಓದಲು ಡಬ್ಲಿನ್ನಿಗೆ ಬಂದ ನನಗೆ ಇದು ಇಲ್ಲಿನ ಎರಡನೇ ಚಳಿಗಾಲ. ಜೊತೆಗಿರುವ ವೀಣಾ ಟಾಲಾದ ಆಸ್ಪತ್ರೆಯಲ್ಲಿ ನರ್ಸ್. ನಾನು ಏಳುವ ಹೊತ್ತಿಗೆ ಅವಳು ಮಲಗುತ್ತಾಳೆ. ಒಂದೇ ಮನೆಯಲ್ಲಿದ್ದೂ ವಾರಗಟ್ಟಲೆ ಮುಖ ನೋಡುವುದಿಲ್ಲ. ಅಂದು ಡ್ಯೂಟಿ ಮುಗಿಸಿ ಬಂದವಳು ಬಾಗಿಲಲ್ಲೇ ಸಿಕ್ಕಳು.

"ಲೂಸಿ ನಿನಗೋಸ್ಕರ ರಜೆ ಹಾಕಿದಾಳೆ ಕಣೆ. ಅವಳಮ್ಮ ಮುಂದಿನ ವಾರ ವಾಪಸ್ ಹೋಗ್ತಾರಂತೆ. ಚೆನ್ನಾಗಿ ಮಾತಾಡಿಸ್ಕೊಂಡು ಬಾ" ಎಂದಳು. ಶೂ ಕಳಚುತ್ತಲೇ ಅವಳ ಕಣ್ಣು ಮುಚ್ಚುತ್ತಿತ್ತು.

ಲೂಸಿ ಹಿಂದೆ ವೀಣಾಳ ಜೊತೆಯಲ್ಲಿದ್ದ ಹಿರಿಯ ನರ್ಸ್; ಈಗ ಗಾಲ್ವೇಯಲ್ಲಿದ್ದಾರೆ. ಅವರ ತಾಯಿ ಸೀನಾ ಪೆಸಿಫಿಕ್ ಸಾಗರದ ಸಮೋವಾ ದ್ವೀಪದವರು. ಎರಡನೇ ಮಹಾಯುದ್ಧದ ನಂತರ ವಿಶ್ವಸಂಸ್ಥೆ ಆ ನಾಡನ್ನು ಸ್ವತಂತ್ರವಾಗುವವರೆಗೆ ನೋಡಿಕೊಳ್ಳಲು ನ್ಯೂಜಿಲೆಂಡಿನ ಕೈಗೆ ಒಪ್ಪಿಸಿತ್ತು. ಆಳಿದ ದೇಶಕ್ಕೂ ಅದು ಬಿಟ್ಟುಹೋದ ನಾಡಿನ ಜನಕ್ಕೂ ಕಾನೂನಿನ ಪ್ರಕಾರ ಏನು ಸಂಬಂಧ ಉಳಿಯುತ್ತದೆ ಎಂಬುದೇ ನನ್ನ ಪ್ರಬಂಧದ ವಿಷಯ. ಅಂಥ ನಾಡಿನ ಒಬ್ಬರನ್ನೂ ನಾನು ಕಣ್ಣಾರೆ ಕಂಡಿರಲಿಲ್ಲ.

ಡಬ್ಲಿನ್ನಿನ ಹ್ಯೂಸ್ಟನ್ ನಿಲ್ದಾಣದಿಂದ ಗಾಲ್ವೇಗೆ ರೈಲಿನಲ್ಲಿ ಎರಡೂವರೆ ತಾಸಿನ ದಾರಿ. ಸ್ಟೂಡೆಂಟ್ ಕಾರ್ಡಿದ್ದುದರಿಂದ ಟಿಕೆಟ್ ಅಗ್ಗವಾಯಿತು. ಅಥ್ಲೋನ್ ಬಳಿ ಶಾನನ್ ನದಿ ದಂಡೆ ಮೀರಿ ಹೊಲಗಳಿಗೆ ನುಗ್ಗಿತ್ತು. ನೀರಿನ ನಡುವೆ ಬೇಲಿಯ ಗೂಟಗಳಷ್ಟೇ ಕಾಣುತ್ತಿದ್ದವು. ಎದುರು ಸೀಟು ಖಾಲಿ. ಡಬ್ಬಿಯಲ್ಲಿದ್ದ ಚಪಾತಿ ಪಲ್ಯವನ್ನು ಒಬ್ಬಳೇ ತಿಂದೆ.

ಗಾಲ್ವೇಯ ಸಾಲ್ಟ್‌ಹಿಲ್‌ನಲ್ಲಿ ಸಮುದ್ರದ ಗಾಳಿ ಕೊಡೆಯನ್ನು ಮಗುಚಿ ಹಾಕಿತು. ಬಾಗಿಲು ತೆರೆದ ಲೂಸಿಯ ಹಿಂದೆ, ಎರಡೆರಡು ಸ್ವೆಟರ್ ತೊಟ್ಟ ಸೀನಾ ನಿಂತಿದ್ದರು. ಕೋಕೋ, ತೆಂಗಿನಹಾಲು ಹಾಕಿ ಬೇಯಿಸಿದ ಬಿಸಿ ಅನ್ನದ ಬಟ್ಟಲನ್ನು ಕೈಗಿಟ್ಟು, "ಮೊದಲು ಉಣ್ಣು. ಕಾನೂನು ಆರುವುದಿಲ್ಲ" ಎಂದರು.

ಉಂಡಾದ ಮೇಲೆ ತಾವಾಗಿಯೇ ಹೇಳತೊಡಗಿದರು. ಹರೆಯದಲ್ಲಿ ನ್ಯೂಜಿಲೆಂಡಿನ ಆಕ್ಲೆಂಡಿಗೆ ಹೋಗಿ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸಕ್ಕೆ ಸೇರಿದ್ದು, ಅಲ್ಲೇ ಮದುವೆ, ಲೂಸಿ ಹುಟ್ಟಿದ್ದು. ಒಂದು ಮುಂಜಾನೆ ಪೊಲೀಸರು ಕದ ಬಡಿದರು. ಸೀನಾರ ವೀಸಾ ಅವಧಿ ಮುಗಿದಿತ್ತು. ಕೂಸನ್ನು ಎತ್ತಿಕೊಂಡು ವಿಮಾನ ಹತ್ತಬೇಕಾಯಿತು. ಗಂಡ ದುಡಿಮೆಗೆಂದು ಅಲ್ಲೇ ಉಳಿದ. ಆತ ಸತ್ತಾಗ ಮಣ್ಣಿಗೆ ಹೋಗಲು ವೀಸಾ ಸಮಯಕ್ಕೆ ಸಿಗಲಿಲ್ಲ.

"ಈಗ ಅರ್ಜಿ ಹಾಕಿದರೆ ನ್ಯೂಜಿಲೆಂಡಿನ ಪೌರತ್ವ ಕೊಡುತ್ತಾರಂತೆ. ಲೂಸಿ ಹಾಕು ಅನ್ನುತ್ತಾಳೆ. ನೀನು ಓದಿದವಳು, ಒಂದು ಹೇಳು. ಆ ಮುಂಜಾನೆ ನಾನು ಯಾವ ದೇಶದವಳಾಗಿದ್ದೆ?"

ಉತ್ತರ ನನಗೆ ಬಾಯಿಪಾಠವಾಗಿತ್ತು. ಸೀನಾ ಹುಟ್ಟಿದ ಕಾಲದಲ್ಲಿ ಸಮೋವಾದಲ್ಲಿ ಹುಟ್ಟಿದವರೆಲ್ಲ ನ್ಯೂಜಿಲೆಂಡಿನ ಪ್ರಜೆಗಳೇ ಎಂದು ಆಗ ನ್ಯೂಜಿಲೆಂಡಿಗೂ ಮೇಲಿನ ಕೋರ್ಟಾಗಿದ್ದ ಲಂಡನ್ನಿನ ನ್ಯಾಯಪೀಠ, ಅವರನ್ನು ಕಳಿಸಿದ ಕೆಲವು ವರ್ಷಗಳ ಮೇಲೆ ತೀರ್ಪು ಕೊಟ್ಟಿತ್ತು. ಕೆಲವೇ ವಾರಗಳಲ್ಲಿ ನ್ಯೂಜಿಲೆಂಡ್ ಸರ್ಕಾರ ಹೊಸ ಕಾಯ್ದೆ ತಂದು ಆ ಹಕ್ಕನ್ನು ಕಿತ್ತುಕೊಂಡಿತ್ತು. ಆ ಕಾಲದವರಿಗೆ ಅದನ್ನು ಮರಳಿ ಪಡೆಯುವ ದಾರಿ ತೆರೆದದ್ದು ಈಚೆಗಷ್ಟೇ. ಎಷ್ಟೋ ಸಲ ಬರೆದ ಈ ಮಾತನ್ನು ಆ ಮುಖದೆದುರು ಒಂದೆರಡು ಸಾಲಿಗೆ ಇಳಿಸಿದೆ.

"ನ್ಯೂಜಿಲೆಂಡಿನವರೇ ಅಮ್ಮಾ. ನಿಮ್ಮನ್ನು ಹೊರಗೆ ಕಳಿಸುವ ಹಕ್ಕು ಅವರಿಗಿರಲಿಲ್ಲ" ಎಂದೆ.

"ಹಾಗಾದರೆ ನಾನು ನನ್ನ ಮನೆಯಲ್ಲೇ ಇದ್ದೆ."

"ಹೌದು."

ಲೂಸಿ ಎದ್ದು ಕಿಟಕಿಯ ಕಡೆ ತಿರುಗಿ ನಿಂತರು. ಅವರ ಭುಜ ಅಲುಗುತ್ತಿತ್ತು. ಸೀನಾ ಅಳಲಿಲ್ಲ. "ತಪ್ಪು ಮಾಡಿದವಳು ನಾನೇ ಅಂತ ಇಷ್ಟು ವರ್ಷ ಇವಳಿಗೆ ಹೇಳುತ್ತಿದ್ದೆ" ಎಂದರು. ಎದ್ದು ಹೋಗಿ ಮಗಳ ಬೆನ್ನಿನ ಮೇಲೆ ಕೈಯಿಟ್ಟರು. "ಅರ್ಜಿ ಹಾಕು ಲೂಸಿ. ನನಗೆ ಅಲ್ಲಿ ಬದುಕುವ ಆಸೆಯಿಲ್ಲ. ಅವನ ಗೋರಿಗೆ ಹೋಗುವಾಗ ಎಷ್ಟು ದಿನ ಇರುತ್ತೀಯ ಅಂತ ಯಾರೂ ಕೇಳಬಾರದು, ಅಷ್ಟೇ" ಎಂದರು.

ಬಸ್ಸಿನವರೆಗೆ ಲೂಸಿ ಬಂದರು. ತಾಯಿಯ ಪಕ್ಕ ಕೂರಲು ಅವಸರವಿದ್ದವರ ಹಾಗೆ ತಟ್ಟನೆ ನನ್ನನ್ನು ಅಪ್ಪಿ ಹಿಂದಿರುಗಿದರು.

ರೈಲಿನಲ್ಲಿ ಈ ಸಲ ಎದುರಿಗೆ ಒಬ್ಬ ಅಜ್ಜ ಕೂತಿದ್ದರು. "ದಿನ ಹೇಗಿತ್ತಮ್ಮಾ?" ಎಂದು ಕೇಳಿದರು. ದಿನ ಹೇಗೇ ಕಳೆದಿರಲಿ, 'ಪರವಾಗಿಲ್ಲ' ಎನ್ನಲು ಇಲ್ಲಿನವರು ಬಳಸುವ ಪದವನ್ನೇ ನಾನೂ ಬಳಸಿದೆ.

"ಗ್ರ್ಯಾಂಡ್" ಎಂದೆ.

ಅವರು ತಲೆಯಾಡಿಸಿ ಪೇಪರ್ ಬಿಡಿಸಿದರು. ಹೊರಗೆ ಕತ್ತಲು ಕವಿದಿತ್ತು. ಕಿಟಕಿಯ ಗಾಜಿನಲ್ಲಿ ನದಿ ಕಾಣಲಿಲ್ಲ. ನನ್ನ ಮುಖವೊಂದೇ ಕಾಣುತ್ತಿತ್ತು.